ಕೊಡ ಹೊತ್ತ ಹೆಜ್ಜೆ ಲೆಕ್ಕಕ್ಕಿಲ್ಲವೇ?

ಓದುಗರ ಪ್ರಶ್ನೆ, ಫಿಸಿಯೋಥೆರಪಿಸ್ಟ್ ಉತ್ತರ

ಪ್ರಶ್ನೆ: ನನಗೆ 61 ವರ್ಷ. ಮಗಳು ಸ್ಮಾರ್ಟ್ ವಾಚ್ ಕೊಡಿಸಿದ್ದಾಳೆ. ದಿನಕ್ಕೆ 10,000 ಹೆಜ್ಜೆ ಆಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ರಾತ್ರಿ ಹನ್ನೊಂದಕ್ಕೂ ಹಾಲ್‌ನಲ್ಲಿ ಸೋಫಾ ಸುತ್ತುತ್ತೇನೆ. ಹೆಂಡತಿ ‘ಪ್ರದಕ್ಷಿಣೆ ಮುಗೀತಾ?’ ಎಂದು ನಗುತ್ತಾಳೆ. ಈಗ ಎಡ ಮಂಡಿ ನೋಯುತ್ತಿದೆ. ವಾಕಿಂಗ್ ಬಿಟ್ಟುಬಿಡಲೇ?
– ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ

ಉತ್ತರ: ಸೋಫಾ ಸುತ್ತುವುದನ್ನು ಇವತ್ತೇ ಬಿಡಿ. ವಾಕಿಂಗ್ ಬಿಡಬೇಡಿ. ಚಿಕ್ಕ ಜಾಗದಲ್ಲಿ ಯಾವಾಗಲೂ ಒಂದೇ ಕಡೆಗೆ ತಿರುಗುತ್ತಿದ್ದರೆ ಮಂಡಿಗೆ ತಿರುಚು ಜಾಸ್ತಿ ಬೀಳುತ್ತದೆ. ನೀವು ಯಾವ ಕಡೆಗೆ ಸುತ್ತುತ್ತೀರಿ ಅಂತ ಗಮನಿಸಿದ್ದೀರಾ?

ಇನ್ನು ಆ 10,000ದ ಕಥೆ. ಅದನ್ನು ಯಾವ ಡಾಕ್ಟರೂ ಲೆಕ್ಕ ಹಾಕಿ ಹೇಳಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಗಡಿಯಾರ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಮಾಪಕ ಮಾರಾಟಕ್ಕೆ ತಂದಿತು. ಹೆಸರು ‘ಮಾನ್ಪೊಕೇ’. ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಆ ಹೆಸರೇ ಮುಂದೆ ಇಡೀ ಜಗತ್ತಿಗೆ ಗುರಿಯಾಗಿ ಅಂಟಿಕೊಂಡಿತು. ನಿಮ್ಮ ನಿದ್ದೆ ಕೆಡಿಸಿದ್ದೂ ಅದೇ.

2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಐ-ಮಿನ್ ಲೀ ಮತ್ತು ತಂಡದವರು ಅಮೆರಿಕದ 16,741 ಮಹಿಳೆಯರ ಹೆಜ್ಜೆಗಳನ್ನು ಯಂತ್ರ ಕಟ್ಟಿ ಅಳೆದರು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆ ಇತ್ತು. 7,500ರ ಸುಮಾರಿಗೆ ಆ ಲಾಭ ಏರುವುದು ನಿಂತಿತು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆರೋಗ್ಯ ಚೆನ್ನಾಗಿರುವವರು ತಾವಾಗಿಯೇ ಜಾಸ್ತಿ ನಡೆಯುತ್ತಾರೆ, ಅಲ್ವಾ? ಹಾಗಾಗಿ ಇಷ್ಟೂ ಲಾಭ ಬರೀ ನಡಿಗೆಯದೇ ಎನ್ನಲಾಗದು. ಆದರೂ ರಾತ್ರಿ ಹನ್ನೊಂದಕ್ಕೆ 8,200 ತೋರಿಸಿದರೆ ನೀವು ಧಾರಾಳವಾಗಿ ಮಲಗಬಹುದು.

ಹೀಗೆ ಮಾಡಿ. ಮಂಡಿ ಊದಿದ್ದರೆ, ನೋವಿಗೆ ನಿದ್ದೆಯಲ್ಲಿ ಎಚ್ಚರ ಆಗುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಇಲ್ಲವಾದರೆ ವಾಚ್‌ನ ಗುರಿಯನ್ನು ಸದ್ಯಕ್ಕೆ 5,000ಕ್ಕೆ ಇಳಿಸಿ. ಸೆಟ್ಟಿಂಗ್ಸ್‌ನಲ್ಲಿ ಆಗುತ್ತದೆ, ಮಗಳನ್ನು ಕೇಳಿ. ಬೆಳಿಗ್ಗೆ, ಸಂಜೆ ಎರಡು ಪಾಲು ಮಾಡಿ ಸಮತಟ್ಟು ರಸ್ತೆಯಲ್ಲಿ ನಡೆಯಿರಿ. ನೋವು ಕಮ್ಮಿಯಾದರೆ ವಾರಕ್ಕೆ 500ರಂತೆ ಏರಿಸಿ. ಜೊತೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ದಿನಕ್ಕೆ ಎರಡು ಸಲ, ಸಲಕ್ಕೆ ಹತ್ತು. ಮಂಡಿಯನ್ನು ಕಾಯುವುದು ತೊಡೆಯ ಬಲ. ಅದನ್ನು ನಿಮ್ಮ ವಾಚ್ ಎಣಿಸುವುದಿಲ್ಲ. ಹಾಗಂತ ಬಿಡಬೇಡಿ.

ಪ್ರಶ್ನೆ: ಬೆಳಿಗ್ಗೆ ಐದರಿಂದ ದುಡಿಯುತ್ತೇನೆ. ಬಾವಿ, ಕೊಟ್ಟಿಗೆ, ಅಂಗಳ, ಅಡುಗೆಮನೆ. ನನ್ನ ಫೋನ್ ಮಾತ್ರ 1,300 ಹೆಜ್ಜೆ ಎನ್ನುತ್ತದೆ. ‘ನೋಡು, ನೀನು ನಡೆಯೋದೇ ಇಲ್ಲ’ ಅಂತ ಯಜಮಾನರ ತಮಾಷೆ.
– ಗೃಹಿಣಿ, ಶಿರಸಿ

ಉತ್ತರ: ನಿಮ್ಮ ಫೋನ್ ಅಡುಗೆಮನೆ ಕಪಾಟಿನ ಮೇಲೆ ಮಲಗಿರುತ್ತದೆ ತಾನೇ? ಅದು ಎಣಿಸಿದ್ದು ತನ್ನ ಹೆಜ್ಜೆ, ನಿಮ್ಮದಲ್ಲ. ನಮ್ಮ ಸೀರೆಗೆ, ನೈಟಿಗೆ ಜೇಬು ಇಡದವರನ್ನು ಮೊದಲು ಬೈಯಬೇಕು. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮೊಬೈಲ್ ಆ್ಯಪ್ ಲೆಕ್ಕ ಹಿಡಿದು ಭಾರತೀಯರ ಸರಾಸರಿ ದಿನಕ್ಕೆ 4,297 ಹೆಜ್ಜೆ ಎಂದರು. ಅದರಲ್ಲಿ ಕಪಾಟಿನ ಮೇಲೆ ಮಲಗಿದ್ದ ಫೋನುಗಳು ಎಷ್ಟಿದ್ದವೋ!

ಫೋನಿನಲ್ಲಾಗಲಿ ಮುಂಗೈಗೆ ಕಟ್ಟುವ ಬ್ಯಾಂಡಿನಲ್ಲಾಗಲಿ ಅಲುಗಾಟ ಹಿಡಿಯುವ ಒಂದು ಪುಟ್ಟ ಚಿಪ್ ಇರುತ್ತದೆ. ಒಂದೇ ಲಯದ ಅಲುಗಾಟ ಸಿಕ್ಕಿದರೆ ಹೆಜ್ಜೆ ಎಂದು ಬರೆದುಕೊಳ್ಳುತ್ತದೆ. ಸೊಂಟದ ಮೇಲಿನ ಕೊಡವನ್ನು ಕೈ ತಬ್ಬಿಕೊಂಡಿದ್ದರೆ ಮುಂಗೈ ಬೀಸುವುದಿಲ್ಲ. ಆಗ ಬ್ಯಾಂಡ್‌ಗೂ ಎಷ್ಟೋ ಹೆಜ್ಜೆ ತಪ್ಪುತ್ತವೆ. ಉಲ್ಟಾ ಕೂಡ ಆಗುತ್ತದೆ. ಒಂದು ಭಾನುವಾರ ನಾನು ನೆಂಟರಿಗೆ ಚಪಾತಿ ಲಟ್ಟಿಸುತ್ತಾ ನಿಂತೆ. ನಿಂತಲ್ಲೇ 600 ಹೆಜ್ಜೆ ಬಂತು! ಸಂಜೆ ವಾಕಿಂಗ್‌ಗೆ ಚಕ್ಕರ್ ಹೊಡೆದೆ ಅನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ.

ನಿಮ್ಮ ಯಂತ್ರ ಎಷ್ಟು ನಂಬಿಕಸ್ಥ ಅಂತ ನೋಡಬೇಕೇ? ಬಾಯಲ್ಲಿ ಎಣಿಸುತ್ತಾ 100 ಹೆಜ್ಜೆ ಹಾಕಿ. 95ರಿಂದ 105 ತೋರಿಸಿದರೆ ಸಾಕು. ಆಮೇಲೆ ಅದೇ ನೂರನ್ನು ಕೊಡ ಹೊತ್ತು ಹಾಕಿ, ಯಜಮಾನರ ಎದುರಿಗೇ.

ವಿಶ್ವ ಆರೋಗ್ಯ ಸಂಸ್ಥೆ ಹೆಜ್ಜೆ ಎಣಿಸುವುದಿಲ್ಲ, ನಿಮಿಷ ಕೇಳುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ, ಉಸಿರು ಸ್ವಲ್ಪ ಏರುವಂಥ ಕೆಲಸ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು. ಮೊದಲು ಒಂದೇ ಸಮನೆ 10 ನಿಮಿಷವಾದರೂ ಆಗಬೇಕು ಎನ್ನುತ್ತಿದ್ದರು. 2020ರಲ್ಲಿ ಆ ಷರತ್ತು ತೆಗೆದರು. ಬಾವಿಯಿಂದ ಮನೆಗೆ ಮೂರು ನಿಮಿಷ ಬಿರುಸಾಗಿ ನಡೆದದ್ದೂ ಈಗ ಲೆಕ್ಕಕ್ಕೆ ಬರುತ್ತದೆ. ಒಲೆ ಮುಂದೆ ನಿಂತದ್ದು ಬರುವುದಿಲ್ಲ. ದಣಿವು ಎಷ್ಟೇ ಆಗಿರಲಿ.

ಪ್ರಶ್ನೆ: ವಾಕಿಂಗ್ ಮುಗಿಸಿದಾಗ ವಾಚ್ 400 ಕ್ಯಾಲೊರಿ ಕರಗಿತು ಎನ್ನುತ್ತದೆ. ಅಷ್ಟಕ್ಕೆ ಸರಿಯಾಗಿ ಮಿರ್ಚಿ ಭಜಿ ತಿನ್ನಬಹುದೇ?
– ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಭಜಿಗೂ ವಾಚಿಗೂ ಗಂಟು ಹಾಕಬೇಡಿ. 2017ರಲ್ಲೇ ಸ್ಟ್ಯಾನ್‌ಫರ್ಡ್‌ನ ಇನ್ನೊಂದು ತಂಡ ಕೈಗೆ ಕಟ್ಟುವ ಏಳು ಯಂತ್ರ ಪರೀಕ್ಷಿಸಿತು. ಹೃದಯ ಬಡಿತವನ್ನು ಆರು ಯಂತ್ರಗಳು ಚೆನ್ನಾಗಿಯೇ ಅಳೆದವು. ಕ್ಯಾಲೊರಿಯಲ್ಲಿ ಎಲ್ಲವೂ ಫೇಲ್. ಇದ್ದುದರಲ್ಲಿ ಒಳ್ಳೆಯದೂ ಸರಾಸರಿ ಶೇ 27ರಷ್ಟು ತಪ್ಪಿತ್ತು. ತೀರಾ ಕೆಟ್ಟದ್ದು ಶೇ 93. ಈಗಿನವು ಸುಧಾರಿಸಿರಬಹುದು. ಆದರೂ ಆ 400ನ್ನು ನಂಬಿ ನಾನಂತೂ ಎರಡನೇ ಪ್ಲೇಟ್ ಹೇಳುವುದಿಲ್ಲ.