ಬ್ಯಾಡಗಿಗೆ ಒಮ್ಮೆ ಹೋಗಿ ಬನ್ನಿ

ಓದುಗರ ಪತ್ರ: ರಾಣೆಬೆನ್ನೂರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಮನೆಗೆ ಬಂದು ಮೊಬೈಲಿನಲ್ಲಿ ಪಾಠ ಕೇಳಿ ಪತ್ರಿಕೋದ್ಯಮ ಎಂ.ಎ. ಮುಗಿಸಿದೆ. ಮೇಷ್ಟ್ರನ್ನು ಎದುರಿಗೆ ನೋಡಿಲ್ಲ. ಜೊತೆಗೆ ಓದಿದವರ ಹೆಸರಷ್ಟೇ ಗೊತ್ತು. ‘ಮನೇಲಿ ಕೂತು ಪತ್ರಕರ್ತೆ ಆಗ್ತಾಳಂತೆ’ ಅಂತ ಜನ ನಗುತ್ತಾರೆ. ನಾನು ನಿಜವಾಗಿ ಏನಾದರೂ ಕಲಿತಿದ್ದೀನಾ? ‘ಎ’ ಗ್ರೇಡ್ ಬಂದ ನನ್ನದೊಂದು ವರದಿ ಜೊತೆಗಿಟ್ಟಿದ್ದೇನೆ.

ಸಂಪಾದಕರ ಉತ್ತರ:

ಪ್ರಿಯ ತಂಗಿ,

ಮೊದಲು ಪದವಿಯ ಮಾತು. ಮಾನ್ಯತೆ ಇರುವ ಸಂಸ್ಥೆಯ ಆನ್‌ಲೈನ್ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ 2022ರಲ್ಲೇ ಸ್ಪಷ್ಟವಾಗಿ ಹೇಳಿದೆ. ನಗುವವರು ನಗಲಿ ಬಿಡಿ. ದಿನವಿಡೀ ನಿಂತು ಕೆಲಸ ಮಾಡಿ ರಾತ್ರಿ ಓದುವುದು ಸುಮ್ನೆ ಮಾತಲ್ಲ.

2020ರ ಲಾಕ್‌ಡೌನಿನಲ್ಲಿ ನಾನೂ ಮಾಧ್ಯಮ ಅಧ್ಯಯನದ ಒಂದು ಕೋರ್ಸನ್ನು ಆನ್‌ಲೈನಿನಲ್ಲಿ ಮಾಡಿದೆ. ಅರ್ಥವಾಗದ ಕಡೆ ನಿಲ್ಲಿಸಿ ಮತ್ತೆ ಕೇಳಬಹುದಿತ್ತು. ತರಗತಿಯಲ್ಲಿ ಅದು ಸಿಗದ ಸುಖ. ‘ಸೈಟ್’ ಉಪಗ್ರಹ ಪ್ರಯೋಗದ ಪಾಠವನ್ನಂತೂ ಮೂರು ಸಲ ಕೇಳಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೆರಿಕದ ಉಪಗ್ರಹದ ಮೂಲಕ ಟಿವಿ ಬಂತು. ಬೇಸಾಯ, ಆರೋಗ್ಯ, ಮಕ್ಕಳಿಗೆ ಪಾಠ. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ನಮ್ಮವರಿಗೆ ಪರದೆಯ ಪಾಠ ಹೊಸದಲ್ಲ, ನೋಡಿ.

ಪಾಠ ಮುಗಿಯಿತು, ಇಯರ್‌ಫೋನ್ ತೆಗೆದೆ. ಯಾರ ಹತ್ತಿರವಾದರೂ ಇದನ್ನು ಹೇಳಬೇಕು ಅನ್ನಿಸಿತು. ರಾಯಚೂರು ಕಡೆಯ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದೆ. ಅವರೂರಿನ ಶಾಲೆಗೂ ಆ ಟಿವಿ ಬಂದಿತ್ತಂತೆ! ಸಂಜೆ ಊರವರೆಲ್ಲ ನೆಲದ ಮೇಲೆ ಕೂತು ನೋಡುತ್ತಿದ್ದರಂತೆ. ಟಿವಿಯಲ್ಲಿ ಹೇಳಿದ ಬೇಸಾಯ ನಮ್ಮ ಹೊಲಕ್ಕೆ ಆಗುತ್ತಾ ಇಲ್ಲವಾ ಅಂತ ಮರುದಿನ ಕಟ್ಟೆಯ ಮೇಲೆ ಜಗಳವೇ ಆಗುತ್ತಿತ್ತಂತೆ. ಪರೀಕ್ಷೆಯಲ್ಲಿ ಬರೆದದ್ದು ಮರೆತಿದ್ದೇನೆ. ಕಟ್ಟೆಯ ಜಗಳ ಮರೆತಿಲ್ಲ.

ನಿಮಗೆ ಸಿಗದೇ ಹೋದದ್ದು ಆ ಕಟ್ಟೆ. ನಿಮ್ಮ ವರದಿಯಲ್ಲಿ ಅದು ಕಾಣುತ್ತದೆ. ‘ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬೆಲೆ ಕುಸಿತ: ರೈತರು ಕಂಗಾಲು’ ಎಂದು ಶುರು ಮಾಡಿದ್ದೀರಿ. ಭಾಷೆ ಚೆನ್ನಾಗಿದೆ, ಒಂದು ಕಾಗುಣಿತದ ತಪ್ಪೂ ಇಲ್ಲ. ಆದರೆ ಯಾವ ಮೆಣಸಿನಕಾಯಿ? ಕಡ್ಡಿಯೋ, ಡಬ್ಬಿಯೋ, ಗುಂಟೂರೋ? ಮೂರಕ್ಕೂ ಬೇರೆ ಬೇರೆ ದರ. ಕ್ವಿಂಟಲ್‌ಗೆ ಎಷ್ಟಿದ್ದದ್ದು ಎಷ್ಟಕ್ಕೆ ಇಳಿಯಿತು? ಕಂಗಾಲಾದ ರೈತರು ಎಲ್ಲಿಯವರು, ಎಷ್ಟು ಚೀಲ ತಂದಿದ್ದರು? ಎರಡು ಪುಟದಲ್ಲಿ ಒಬ್ಬ ರೈತನ ಮಾತೂ ಇಲ್ಲ. ಬೇರೆ ಪತ್ರಿಕೆಗಳ ಸುದ್ದಿ ಓದಿ ಬರೆದಿದ್ದೀರಿ, ಅಲ್ವಾ?

ಇದು ನಿಮ್ಮೊಬ್ಬರ ತಪ್ಪಲ್ಲ. ಎದುರಿಗೆ ಕೂತು ಯಾರಾದರೂ ‘ಇದು ನಿನಗೆ ಹೇಗೆ ಗೊತ್ತು?’ ಅಂತ ಒಂದು ಸಲ ಕೇಳಿದ್ದರೂ ಸಾಕಿತ್ತು. ನನ್ನ ಮೊದಲ ವರದಿ ಪತ್ರಿಕೆಯ ಸಂಪಾದಕೀಯ ಡೆಸ್ಕಿನಿಂದ ವಾಪಸ್ ಬಂದಾಗ ಕೆಂಪು ಶಾಯಿಯಲ್ಲಿ ಹನ್ನೊಂದು ಕಡೆ ‘ಯಾರು ಹೇಳಿದ್ದು?’ ಎಂದಿತ್ತು. ಅವತ್ತು ಅಳು ಬಂದಿತ್ತು. ಈಗಲೂ ಬರೆಯುವಾಗ ಆ ಪ್ರಶ್ನೆ ಕಿವಿಯಲ್ಲಿರುತ್ತದೆ.

ಬ್ಯಾಡಗಿ ನಿಮ್ಮೂರಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ರಜೆ ಸಿಕ್ಕ ದಿನ, ಮಾರುಕಟ್ಟೆ ಇರುವುದನ್ನು ವಿಚಾರಿಸಿಕೊಂಡು ಹೋಗಿ. ಚೀಲದ ಪಕ್ಕ ಕೂತವರನ್ನು ಮಾತಾಡಿಸಿ. ಹಮಾಲರನ್ನೂ ಕೇಳಿ, ಅವರಿಗೆ ಜಾಸ್ತಿ ಗೊತ್ತಿರುತ್ತದೆ. ಬಂದು ಅದೇ ವರದಿಯನ್ನು ಮತ್ತೆ ಬರೆದು, ಜೊತೆಗೆ ಓದಿದವರಲ್ಲಿ ಇಬ್ಬರಿಗೆ ಕಳಿಸಿ. ತಪ್ಪು ಹುಡುಕಿ ಅಂತಲೇ ಹೇಳಿ ಕಳಿಸಿ. ಆಮೇಲೆ ನನಗೆ ಅಂಚೆಯಲ್ಲಿ ಹಾಕಿ. ಸಾಲಿನ ಮಧ್ಯೆ ಜಾಗ ಬಿಟ್ಟು ಬರೆಯಿರಿ, ಕೆಂಪು ಶಾಯಿಗೆ ಬೇಕು.