ಲೇಔಟ್‌ವರೆಗೆ ನೀರಿನ ಮೇನ್ ಪೈಪ್ ಎಳೆಯುವ ಖರ್ಚು ಯಾರದು, ಪುರಸಭೆಯದೋ ಡೆವಲಪರ್‌ನದೋ?

ನೀವು ಕೇಳಿರುವುದು ಇಷ್ಟು: ಊರಂಚಿನಲ್ಲಿ 200 ಸೈಟಿನ ಖಾಸಗಿ ಲೇಔಟ್, ಪುರಸಭೆಯ ಟ್ಯಾಂಕ್ ಒಂದೂವರೆ ಕಿಲೋಮೀಟರ್ ದೂರ. ಅಲ್ಲಿಂದ ಪೈಪ್ ತರುವ ಪೂರ್ತಿ ಖರ್ಚು ಡೆವಲಪರ್ ಹಾಕಲಿ ಎನ್ನುತ್ತದೆ ಪುರಸಭೆ. ಅರ್ಧರ್ಧ ಎನ್ನುತ್ತಾನೆ ಡೆವಲಪರ್. ಯಾವುದು ನ್ಯಾಯ?

ನೀರು ಸರಬರಾಜಿನ ಡಿಸೈನ್, ಎಸ್ಟಿಮೇಟ್ ಮಾಡುವುದೇ ನನ್ನ ಕೆಲಸ. ನನ್ನ ಪ್ರಕಾರ ಎರಡೂ ಸರಿಯಿಲ್ಲ. ಲೇಔಟಿಗೆ ಎಷ್ಟು ಗಾತ್ರದ ಪೈಪ್ ಸಾಕೋ ಅಷ್ಟರ ಖರ್ಚು ಡೆವಲಪರ್‌ನದು. ಅದಕ್ಕಿಂತ ದೊಡ್ಡದು ಬೇಕು ಅಂತ ಪುರಸಭೆ ಹೇಳಿದರೆ ಆ ಹೆಚ್ಚುವರಿ ಪುರಸಭೆಯದು. ಹಾಗಾಗಿ ಜಗಳ ಶುರುವಾಗಬೇಕಾದ್ದು ಗಾತ್ರದಿಂದ.

ಲೆಕ್ಕ ನೋಡಿ. 200 ಮನೆ, ಮನೆಗೆ 5 ಜನ, ತಲೆಗೆ ದಿನಕ್ಕೆ 135 ಲೀಟರ್ ಅಂದರೆ ದಿನಕ್ಕೆ 1,35,000 ಲೀಟರ್. ಇಡೀ ದಿನ ನೀರು ಬರುವ ಊರಾಗಿದ್ದರೆ, ಬೆಳಗಿನ ನೂಕುನುಗ್ಗಲಿಗೆ ಸರಾಸರಿಯ ಮೂರು ಪಟ್ಟು ಹಿಡಿದರೂ ಸೆಕೆಂಡಿಗೆ 4.7 ಲೀಟರ್ ಸಾಕು. 100 ಮಿ.ಮೀ. ಪೈಪ್ ಅದನ್ನು ತಂದುಕೊಡುತ್ತದೆ, ದಾರಿಯಲ್ಲಿ ಸುಮಾರು 7 ಮೀಟರ್ ಒತ್ತಡ ಕಳೆಯುತ್ತದೆ ಅಷ್ಟೆ (ನೀರು ಎಷ್ಟು ಮೀಟರ್ ಎತ್ತರ ಏರಬಲ್ಲದು ಅನ್ನುವುದೇ ಇಲ್ಲಿ ಒತ್ತಡದ ಅಳತೆ). ಆದರೆ ನಮ್ಮ ಊರುಗಳಲ್ಲಿ ನೀರುಗಂಟಿ ವಾಲ್ವ್ ತಿರುಗಿಸಿದ ಮೇಲೆ ನೀರು ಬರುವುದು ಎರಡು ಗಂಟೆ. ಅಷ್ಟೇ ನೀರು ಆ ಎರಡು ಗಂಟೆಯೊಳಗೆ ಬರಬೇಕೆಂದರೆ ಸೆಕೆಂಡಿಗೆ 18.75 ಲೀಟರ್ ಹರಿಯಬೇಕು. ಅದಕ್ಕೆ 150 ಮಿ.ಮೀ. ಹಾಕಿದರೂ ದಾರಿಯಲ್ಲೇ ಸುಮಾರು 13 ಮೀಟರ್ ಒತ್ತಡ ಹೋಗಿಬಿಡುತ್ತದೆ. 200 ಮಿ.ಮೀ. ಹಾಕಿದರೆ ಹೋಗುವುದು 3 ಮೀಟರ್ ಚಿಲ್ಲರೆ. ನೆಲಮಟ್ಟದ ಮೇಲೆ ಇನ್ನೊಂದು ಮಹಡಿ ಇರುವ ಮನೆಗೆ, ಬೀದಿ ಪೈಪಿನಿಂದ ಸಂಪರ್ಕ ಕೊಡುವ ಜಾಗದಲ್ಲಿ 12 ಮೀಟರ್ ಒತ್ತಡ ಉಳಿಯಬೇಕು ಅನ್ನುವುದು ವಿನ್ಯಾಸದಲ್ಲಿ ನಾವು ಹಿಡಿಯುತ್ತಾ ಬಂದ ಲೆಕ್ಕ. ದಾರಿಯಲ್ಲೇ 13 ಮೀಟರ್ ಕಳೆದು ಮನೆಗೂ 12 ಮೀಟರ್ ಉಳಿಸುವಷ್ಟು ಎತ್ತರ ಟ್ಯಾಂಕಿಗೆ ಸುಲಭಕ್ಕೆ ಇರುವುದಿಲ್ಲ.

ಇಲ್ಲೇ ನನ್ನ ತಕರಾರು. ದೊಡ್ಡ ಪೈಪ್ ಬೇಕಾಗಿರುವುದು ಲೇಔಟಿನ ಜನ ಹೆಚ್ಚು ನೀರು ಬಳಸುತ್ತಾರೆ ಅಂತಲ್ಲ, ಪುರಸಭೆ ಎರಡೇ ಗಂಟೆ ನೀರು ಬಿಡುತ್ತದೆ ಅಂತ. ಆ ಭಾಗದ ಖರ್ಚನ್ನು ಪೂರ್ತಿ ಡೆವಲಪರ್ ತಲೆಗೆ ಕಟ್ಟುವುದು ತಪ್ಪು. ಕಟ್ಟಿದರೂ ಅವನು ಅದನ್ನು ಸೈಟಿನ ಚದರಡಿ ರೇಟಿಗೆ ಸೇರಿಸುತ್ತಾನೆ, ತೆರುವವರು ನೀವೇ. ಬೇರೆ ದಾರಿಯೂ ಇದೆ: ಲೇಔಟಿನೊಳಗೆ ಡೆವಲಪರ್ ಖರ್ಚಿನಲ್ಲೇ ಸಂಪ್, ಓವರ್‌ಹೆಡ್ ಟ್ಯಾಂಕ್ ಕಟ್ಟಿಸಿ, ಪುರಸಭೆಯಿಂದ ಸಣ್ಣ ಪೈಪಿನಲ್ಲಿ ದಿನವಿಡೀ ಸಂಪಿಗೆ ನೀರು ತುಂಬಿಸಿಕೊಳ್ಳುವುದು. ಜಾಗ ಇದ್ದರೆ ನಾನು ಇದನ್ನೇ ಹೇಳುತ್ತೇನೆ, ಆದರೆ ಪಂಪಿನ ಕರೆಂಟ್ ಬಿಲ್ ಮುಂದೆ ಯಾರು ಕಟ್ಟುತ್ತಾರೆ ಅನ್ನುವುದು ಮೊದಲೇ ತೀರ್ಮಾನವಾಗಿರಬೇಕು.

ಮೇನ್ ಪೈಪೇ ಬೇಕು ಅಂತಾದರೆ ಒಂದೇ ಎಸ್.ಆರ್. ದರದಲ್ಲಿ (ಸರ್ಕಾರಿ ಕಾಮಗಾರಿಗಳ ದರಪಟ್ಟಿ) ಎರಡು ಎಸ್ಟಿಮೇಟ್ ಕೇಳಿ, 150ಕ್ಕೆ ಒಂದು, 200ಕ್ಕೆ ಒಂದು. ಅಗೆತ, ಮಣ್ಣು ಮುಚ್ಚುವುದು, ಡಾಂಬರು ಮತ್ತೆ ಹಾಕುವುದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಮುಖ್ಯವಾಗಿ ಪೈಪ್ ಮತ್ತು ವಾಲ್ವ್‌ಗಳ ಬೆಲೆ. ಆದರೆ ಅಷ್ಟೇ ಒತ್ತಡದಲ್ಲಿ 200ರ ಪೈಪ್ 150ರದ್ದಕ್ಕಿಂತ ಎರಡು ಪಟ್ಟು ಮೀರಿ ನೀರು ಒಯ್ಯುತ್ತದೆ. ಆ ಹೆಚ್ಚುವರಿ ಹಣವನ್ನು ಈಗ ಕೊಡಲು ಪುರಸಭೆ ಹಿಂಜರಿದರೆ, ಐದು ವರ್ಷದ ಮೇಲೆ ಪಕ್ಕದ ಜಮೀನೂ ಲೇಔಟಾದಾಗ ಅದೇ ರಸ್ತೆಯನ್ನು ಮತ್ತೆ ಅಗೆಯಬೇಕಾಗುತ್ತದೆ. ನಿಮ್ಮ ಕೌನ್ಸಿಲರ್‌ಗೆ ಹೇಳಬೇಕಾದ ಮಾತು ಇದು.

ಹಾಗೆ ಪಕ್ಕದ ಲೇಔಟ್ ಬಂದು ಇದೇ ಪೈಪಿಗೆ ಸೇರಿಕೊಂಡರೆ? ಅವರಿಂದ ಪಾಲು ವಸೂಲಿ ಮಾಡಿ ಮೊದಲು ಹಾಕಿದವನಿಗೆ ಮರಳಿಸಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇದಕ್ಕೆ ಕಾನೂನೇ ಇದೆ, ಆಮೇಲೆ ಸಂಪರ್ಕ ಪಡೆಯುವವರಿಂದ ವರ್ಷಗಟ್ಟಲೆ ಪಾಲು ವಸೂಲಾಗುತ್ತದೆ. ನಿಮ್ಮಲ್ಲಿ ಇದನ್ನು ಸಾಮಾನ್ಯ ಸಭೆಯ ನಿರ್ಣಯ ಮಾಡಿಸಿ, ಮುಖ್ಯಾಧಿಕಾರಿ ಸಹಿಯ ಕರಾರಿನಲ್ಲಿ ಬರೆಸಿ. ಬಾಯಿಮಾತಿಗೆ ಬಿಟ್ಟರೆ ಅಧಿಕಾರಿ ವರ್ಗವಾದ ದಿನವೇ ಮಾತೂ ಹೋಯಿತು.

ಹಣ ಕಟ್ಟಿದ ತಕ್ಷಣ ನೀರು ಬರುತ್ತದೆ ಅಂದುಕೊಳ್ಳಬೇಡಿ. ಬೆಂಗಳೂರಿಗೆ 110 ಹಳ್ಳಿಗಳು ಸೇರಿದ್ದು 2007ರಲ್ಲಿ. ಅವುಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಎಷ್ಟೋ ಮನೆಗಳು ಬೋರ್‌ವೆಲ್, ಟ್ಯಾಂಕರ್ ನಂಬಿಯೇ ಇದ್ದವು. ನಿಮ್ಮ ಪುರಸಭೆಯ ಟ್ಯಾಂಕಿನಲ್ಲಿ ಇನ್ನೂ 1,35,000 ಲೀಟರ್ ಮಿಗುತ್ತದೆಯೇ ಅಂತ ಲಿಖಿತವಾಗಿ ಕೇಳಿ. ಮಿಗದಿದ್ದರೆ ಪೈಪಿನ ಚರ್ಚೆ ಆಮೇಲಿನ ಮಾತು.

ಕೆಲಸದ ಬಗ್ಗೆ ಒಂದೇ ಮಾತು: ಡಿ.ಐ. (ಡಕ್ಟೈಲ್ ಕಬ್ಬಿಣದ) ಪೈಪ್ ಹಾಕಿಸಿ, ಮಣ್ಣು ಮುಚ್ಚುವ ಮುಂಚೆ ಪುರಸಭೆಯ ಜೆ.ಇ. (ಕಿರಿಯ ಎಂಜಿನಿಯರ್) ಎದುರಿಗೇ ಒತ್ತಡ ಪರೀಕ್ಷೆ ಆಗಲಿ. ಮುಚ್ಚಿದ ಮೇಲೆ ಸೋರಿಕೆ ಕಂಡರೆ ಅದು ಯಾರ ತಪ್ಪು ಅಂತ ತೀರ್ಮಾನಿಸುವುದು ಬಲು ಕಷ್ಟ.

ಟ್ಯಾಂಕಿನ ತಳದ ಮಟ್ಟ ಮತ್ತು ಲೇಔಟಿನ ಅತಿ ಎತ್ತರದ ಸೈಟಿನ ಮಟ್ಟ ಎರಡನ್ನೂ ಇಲ್ಲಿ ಹಾಕಿ. ಯಾವ ಗಾತ್ರ ಸಾಕು ಅಂತ ಲೆಕ್ಕ ಮಾಡಿ ಹೇಳುತ್ತೇನೆ.