ಮಕ್ಕಳ ಕಥೆಗಳಲ್ಲಿ ಅತಿ ಜಾಣ ಪಾತ್ರ ಯಾವುದು?

ನನ್ನ ವೋಟು ಪಂಚತಂತ್ರದ ಮಂಗನಿಗೆ. ಮೊನ್ನೆ ಮಳೆಗೆ ಕರೆಂಟು ಹೋದಾಗ ಮಣ್ಣಗುಡ್ಡೆಯ ನಮ್ಮ ಮನೆಯಲ್ಲೂ ಇದೇ ಚರ್ಚೆ. ಅಕ್ಕನ ಮಗ, ಸಿಂಹವನ್ನು ಬಾವಿಗೆ ಹಾರಿಸಿದ ಮೊಲದ ಪರ. "ಮಾಮ, ಅಷ್ಟು ಸಣ್ಣದು ಸಿಂಹವನ್ನೇ ಮುಗಿಸಿತಲ್ಲ!" ಸರಿಯೇ. ಆದರೆ ಮೊಲಕ್ಕೆ ದಾರಿಯುದ್ದಕ್ಕೂ ಯೋಚಿಸಲು ಪುರುಸೊತ್ತಿತ್ತು, ಬೇಕೆಂದೇ ತಡಮಾಡಿ ಹೋಯಿತು.

ಮಂಗನ ಪಾಡು ನೋಡಿ. ಮೊಸಳೆಯ ಬೆನ್ನೇರಿ ಆಗಿದೆ, ಸುತ್ತ ನೀರು. ಆಗ ಮೊಸಳೆ ಬಾಯಿಬಿಡುತ್ತದೆ: ಹೆಂಡತಿಗೆ ನಿನ್ನ ಹೃದಯ ಬೇಕಂತೆ. ಮಂಗ ಅಳಲಿಲ್ಲ, ಕೊಡುವುದಿಲ್ಲ ಅಂತಲೂ ಹೇಳಲಿಲ್ಲ. ಛೆ, ಮೊದಲೇ ಹೇಳಬಾರದಿತ್ತಾ, ಅದನ್ನು ನೇರಳೆ ಮರದ ಪೊಟರೆಯಲ್ಲಿಟ್ಟು ಬಂದೆನಲ್ಲ ಅಂದಿತು. ಮೊಸಳೆಯ ಆಸೆಯೇ ಅದನ್ನು ದಡಕ್ಕೆ ತಿರುಗಿಸಿತು. ಪಂಚತಂತ್ರದ 'ಲಬ್ಧಪ್ರಣಾಶ' ಎಂಬ ನಾಲ್ಕನೆಯ ತಂತ್ರದ, ಅಂದರೆ ಭಾಗದ, ಮುಖ್ಯ ಕಥೆಯೇ ಇದು.

'ಆಲಿಸ್ ಇನ್ ವಂಡರ್‌ಲ್ಯಾಂಡ್' ಕಥೆಯ ಆಲಿಸ್ ಹೆಸರನ್ನೂ ಕೆಲವರು ಹೇಳುತ್ತಾರೆ. ನನಗೆ ಅವಳು ಜಾಣೆಗಿಂತ ಕುತೂಹಲಿ.

ಮಂಗನಿಗೆ ಪೈಪೋಟಿ ಉಂಟಾದರೆ ಮಾರ್ಕ್ ಟ್ವೈನ್ 1876ರಲ್ಲಿ ಪ್ರಕಟಿಸಿದ ಕಾದಂಬರಿಯ ಟಾಮ್ ಸಾಯರ್‌ನದ್ದು. ಬೇಲಿಗೆ ಸುಣ್ಣ ಬಳಿಯುವುದು ಅವನಿಗೆ ಸಿಕ್ಕಿದ ಶಿಕ್ಷೆ. ಅವನೋ, ಅದು ಎಲ್ಲರಿಗೂ ಸಿಗುವ ಭಾಗ್ಯವಲ್ಲ ಎಂಬಂತೆ ಬಳಿಯುತ್ತಾ ನಿಂತ. ಗೆಳೆಯರು ಸೇಬು, ಗಾಳಿಪಟ, ಕೊನೆಗೆ ದಾರ ಕಟ್ಟಿದ ಸತ್ತ ಇಲಿಯನ್ನೂ ಕೊಟ್ಟು ಕುಂಚ ಹಿಡಿದರು! ಜೀವ ಹೋಗುವ ಭಯ ಮಾತ್ರ ಅಲ್ಲಿಲ್ಲ, ಹಾಗಾಗಿ ಮಂಗನೇ ಒಂದು ಕೈ ಮೇಲು.

ಇದನ್ನು ಕೇಳಿದ ಅಳಿಯ ಮಾರನೇ ದಿನ, ಅಂಗಳದ ಪಾಚಿ ಉಜ್ಜುವುದು ಎಷ್ಟು ಮಜಾ ಅಂತ ನನಗೇ ವರ್ಣಿಸತೊಡಗಿದ ಮಾರಾಯ್ರೆ.